ಗರಿಯ ಬಣ್ಣವೂ ತಳಿಯ ಕುಲವೂ

ಕಾವ್ಯಕ್ಕೆ ಲಕ್ಷಣಗ್ರಂಥಗಳುಂಟು, ಭಾಷೆಗೆ ವ್ಯಾಕರಣಗಳುಂಟು, ಆನೆ ಕುದುರೆಗಳಿಗೂ ನಮ್ಮ ಹಿಂದಿನವರು ಶಾಸ್ತ್ರಗಳನ್ನು ಬರೆದಿಟ್ಟಿದ್ದಾರೆ. ಆದರೆ ಕೋಳಿಗೂ ಒಂದು ಲಕ್ಷಣಗ್ರಂಥವುಂಟು, ಅದರ ಒಂದೊಂದು ಸಾಲಿನ ಅರ್ಥಕ್ಕಾಗಿ ಪಂಡಿತರು ನೂರೈವತ್ತು ವರ್ಷಗಳಿಂದ ಜಗಳವಾಡುತ್ತ ಬಂದಿದ್ದಾರೆ ಎಂದರೆ ಓದುಗರು ನಕ್ಕಾರು. ನಗುವುದರಲ್ಲಿ ತಪ್ಪೇನೂ ಇಲ್ಲ. ಕಾಲೇಜಿನಲ್ಲಿ ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವ ನನ್ನಂಥವನಿಗೆ ಮಾತ್ರ ಈ ಜಗಳ ಅಪರಿಚಿತವೆನಿಸಲಿಲ್ಲ. ಲಕ್ಷ್ಯ ಮೊದಲೋ ಲಕ್ಷಣ ಮೊದಲೋ, ಬಳಕೆಯಲ್ಲಿರುವುದು ಶುದ್ಧವೋ ಗ್ರಂಥದಲ್ಲಿರುವುದು ಶುದ್ಧವೋ ಎಂದು ನಾವು ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಅಲ್ಲಿ ಗರಿ ತೊಟ್ಟು ರೆಕ್ಕೆ ಬಡಿಯುತ್ತಿವೆ.

ಈ ಶಾಸ್ತ್ರದ ಹುಟ್ಟು ವಿಚಿತ್ರವಾದುದು. ಇಂಗ್ಲೆಂಡಿನಲ್ಲಿ 1835 ರ ಕಾನೂನು ಕೋಳಿ ಕಾಳಗವನ್ನು ನಿಷೇಧಿಸಿತು. ಕಣದಲ್ಲಿ ಹುಂಜಗಳನ್ನು ಸೆಣಸಿಗೆ ಬಿಡುತ್ತಿದ್ದ ಜನರ ಸ್ಪರ್ಧಾಬುದ್ಧಿ ಕಾನೂನಿನಿಂದ ಸಾಯಲಿಲ್ಲ. ಅದು ಬೇರೆ ದಾರಿಯನ್ನು ಹುಡುಕಿಕೊಂಡಿತು. 1845 ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದ ಆವರಣದಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. 1849 ರ ನವೆಂಬರಿನಲ್ಲಿ ಅಮೆರಿಕದ ಬೋಸ್ಟನ್ ನಗರವೂ ಅದನ್ನು ಅನುಸರಿಸಿತು. ಅದೇ ಕಾಲಕ್ಕೆ ಚೀನಾದ ಬಂದರುಗಳಿಂದ, ಕಾಲಿಗೂ ಗರಿಯಿದ್ದ ದೊಡ್ಡ ದೇಹದ ಕೋಳಿಗಳು ಹಡಗೇರಿ ಬಂದವು. ವಿಕ್ಟೋರಿಯಾ ರಾಣಿಯೇ ಅವುಗಳನ್ನು ಸಾಕಿದಳು. ಆಗ ಎರಡು ದೇಶಗಳ ಜನರನ್ನೂ ಹಿಡಿದ ಗೀಳಿಗೆ ‘ಕೋಳಿ ಜ್ವರ’ವೆಂದೇ ಹೆಸರಾಯಿತು. ಆ ವ್ಯಾಪಾರದಲ್ಲಿ ಕೈಯಾಡಿಸಿದ್ದ ಜಾರ್ಜ್ ಬರ್ನ್‌ಹ್ಯಾಮ್ ಎಂಬಾತ 1855 ರಲ್ಲಿ ಆ ಜ್ವರದ ಇತಿಹಾಸವನ್ನೇ ವಿನೋದವಾಗಿ ಬರೆದು ಪ್ರಕಟಿಸಿದ.

ಪ್ರದರ್ಶನವೆಂದ ಮೇಲೆ ಬಹುಮಾನ, ಬಹುಮಾನವೆಂದ ಮೇಲೆ ತೀರ್ಪುಗಾರ, ತೀರ್ಪುಗಾರನೆಂದ ಮೇಲೆ ತಕರಾರು. ಒಬ್ಬನಿಗೆ ಚೆಲುವೆನಿಸಿದ ಕೋಳಿ ಇನ್ನೊಬ್ಬನಿಗೆ ಕುರೂಪ. ಈ ಗೊಂದಲವನ್ನು ನೀಗುವುದಕ್ಕಾಗಿ 1865 ರಲ್ಲಿ ಇಂಗ್ಲೆಂಡಿನಲ್ಲಿ ಟೆಗೆಟ್‌ಮಯರ್ ಎಂಬ ಪಂಡಿತನ ಸಂಪಾದಕತ್ವದಲ್ಲಿ ಮೊದಲ ಲಕ್ಷಣಗ್ರಂಥ ಹೊರಬಂದಿತು. 1873 ರಲ್ಲಿ ಅಮೆರಿಕದ ಬಫೆಲೋ ನಗರದಲ್ಲಿ ಸೇರಿದ ಸಾಕಣೆದಾರರು ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ನನ್ನು ಸ್ಥಾಪಿಸಿ, ಮರುವರ್ಷವೇ ತಮ್ಮ ಗ್ರಂಥವನ್ನು ಅಚ್ಚು ಹಾಕಿಸಿದರು. ಪರಿಷ್ಕಾರದ ಮೇಲೆ ಪರಿಷ್ಕಾರ ಕಂಡ ಆ ಗ್ರಂಥ ಇಂದಿಗೂ ಬಳಕೆಯಲ್ಲಿದೆ. ಅದರ ಹೆಸರನ್ನು ಕನ್ನಡದಲ್ಲಿ ‘ಪರಿಪೂರ್ಣತೆಯ ಪ್ರಮಾಣ’ ಎನ್ನಬಹುದು.

ಈ ಶಾಸ್ತ್ರದ ಮೂಲಸೂತ್ರ ಸರಳವಾಗಿದೆ: ಆಕಾರದಿಂದ ತಳಿ, ಬಣ್ಣದಿಂದ ಬಗೆ. ದೇಹದ ಕಟ್ಟು, ಬೆನ್ನಿನ ಇಳಿಜಾರು, ಎದೆಯ ಅಗಲ, ಬಾಲದ ಏರು, ಇವೆಲ್ಲ ಸೇರಿ ತಳಿಯನ್ನು ನಿರ್ಣಯಿಸುತ್ತವೆ. ಅದೇ ಮೈಕಟ್ಟಿನ ಹಕ್ಕಿ ಬೇರೆ ಬೇರೆ ಬಣ್ಣದ ಉಡುಪನ್ನು ತೊಟ್ಟರೆ ಅವು ಆ ತಳಿಯ ಬಗೆಗಳು. ಪ್ಲಿಮತ್ ರಾಕ್ ಎಂಬ ಅಮೆರಿಕದ ತಳಿಯನ್ನೇ ನೋಡಿ. 1874 ರಲ್ಲಿ ಅದಕ್ಕಿದ್ದುದು ಕಪ್ಪು ಬಿಳುಪಿನ ಅಡ್ಡಪಟ್ಟೆಯ ಉಡುಪೊಂದೇ. 1888 ರಲ್ಲಿ ಬಿಳಿಯ ಬಗೆಗೂ 1894 ರಲ್ಲಿ ಹೊಂಬಣ್ಣದ ಬಗೆಗೂ ಮನ್ನಣೆ ದೊರೆಯಿತು. 1920 ರಲ್ಲಿ ನೀಲಿ ಬಗೆ ಸೇರುವ ಹೊತ್ತಿಗೆ ಒಟ್ಟು ಏಳು ಬಗೆಗಳಾದವು. ಹಳೆಯ ಸಾಕಣೆದಾರರು ಕಿರಿಯರಿಗೆ ಹೇಳುತ್ತಿದ್ದ ಬುದ್ಧಿಮಾತೊಂದಿದೆ: ಮೊದಲು ಕೊಟ್ಟಿಗೆ ಕಟ್ಟು, ಆಮೇಲೆ ಸುಣ್ಣಬಣ್ಣ ಬಳಿ. ಸೂತ್ರವೇನೋ ಚೆನ್ನಾಗಿದೆ. ಆದರೆ ಸೂತ್ರವಿರುವಲ್ಲಿ ಅಪವಾದಗಳಿರುವುದು ವ್ಯಾಕರಣ ಓದಿದವರಿಗೆಲ್ಲ ತಿಳಿದದ್ದೇ.

ರೋಡ್ ಐಲೆಂಡ್ ಎಂಬ ಪುಟ್ಟ ಸಂಸ್ಥಾನದ ಕೆಂಪು ಕೋಳಿಗೆ 1904 ರಲ್ಲಿ ಗ್ರಂಥದಲ್ಲಿ ಸ್ಥಾನ ದೊರೆಯಿತು. ಅದೇ ಸಂಸ್ಥಾನದಲ್ಲಿ ಬಿಳಿಯ ಕೋಳಿಯೊಂದನ್ನೂ ರೂಪಿಸಿದ್ದರು. ಆಕಾರದಲ್ಲಿ ಅದು ಕೆಂಪಿನದಕ್ಕೆ ತೀರ ಹತ್ತಿರ. ಸೂತ್ರದ ಪ್ರಕಾರ ಅದು ಕೆಂಪು ಕೋಳಿಯ ಬಿಳಿಯ ಬಗೆಯಾಗಬೇಕಾಗಿತ್ತು. ಆದರೆ ಅದರ ವಂಶವೇ ಬೇರೆಯಾದುದರಿಂದ 1922 ರಲ್ಲಿ ಅದನ್ನು ಬೇರೊಂದು ತಳಿಯೆಂದೇ ಅಂಗೀಕರಿಸಿದರು. ಇತ್ತ ನ್ಯೂ ಹ್ಯಾಂಪ್‌ಷೈರಿನ ರೈತರು ಅದೇ ಕೆಂಪು ಕೋಳಿಯನ್ನು ತೆಗೆದುಕೊಂಡು, ಬೇಗ ಬಲಿಯುವ, ಮೈತುಂಬ ಮಾಂಸವಿರುವ ಹಕ್ಕಿಗಳನ್ನೇ ಆರಿಸುತ್ತ ಹೋದರು. ಬಣ್ಣ ಕೆಂಪಾಗಿಯೇ ಉಳಿಯಿತು, ವಂಶವೂ ಅದೇ. ಆದರೂ 1935 ರಲ್ಲಿ ಅದು ಪ್ರತ್ಯೇಕ ತಳಿಯಾಯಿತು. ಒಂದೆಡೆ ವಂಶ ಪ್ರಮಾಣ, ಇನ್ನೊಂದೆಡೆ ಆಕಾರ ಪ್ರಮಾಣ!

ಇಂಗ್ಲೆಂಡಿನ ಆರ್ಪಿಂಗ್ಟನ್ ಕೋಳಿಯ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಕೆಂಟ್ ಪ್ರಾಂತದ ವಿಲಿಯಂ ಕುಕ್ ಎಂಬಾತ 1886 ರಲ್ಲಿ ಕಪ್ಪು ಆರ್ಪಿಂಗ್ಟನ್ ತಳಿಯನ್ನು ಹೊರತಂದ. 1894 ರಲ್ಲಿ ಹೊಂಬಣ್ಣದ ಆರ್ಪಿಂಗ್ಟನ್ ಎಂದು ಇನ್ನೊಂದನ್ನು ತಂದಾಗ ಕೋಲಾಹಲವೆದ್ದಿತು. ಈ ಹೊಂಬಣ್ಣದ್ದಕ್ಕೂ ಹಿಂದಿನ ಕಪ್ಪಿಗೂ ರಕ್ತಸಂಬಂಧವಿರಲಿಲ್ಲ. ಲಿಂಕನ್‌ಷೈರಿನ ರೈತರಂತೂ, ಇದು ನಮ್ಮ ಹಟ್ಟಿಯ ಹೊಂಬಣ್ಣದ ಕೋಳಿಯೇ ಹೊರತು ಬೇರೆಯಲ್ಲ, ಹೆಸರು ಮಾತ್ರ ಕುಕ್ಕನದು ಎಂದು ವಾದಿಸಿದರು. ಗೆದ್ದದ್ದು ಕುಕ್ಕನ ಹೆಸರೇ. ಆರ್ಪಿಂಗ್ಟನ್ ಜಗತ್ಪ್ರಸಿದ್ಧವಾಯಿತು, ಲಿಂಕನ್‌ಷೈರಿನ ಕೋಳಿ ಹೇಳಹೆಸರಿಲ್ಲದಂತೆ ಅಳಿಯಿತು. ಇಂದು ಆ ಹೆಸರಿನಲ್ಲಿ ಕಾಣಸಿಗುವುದು 1980 ರ ದಶಕದಿಂದೀಚೆಗೆ ಪುನಃ ರೂಪಿಸಿದ ಹಕ್ಕಿ. ಹೆಸರು ಪಡೆದದ್ದು ಬದುಕುತ್ತದೆ, ಪಡೆಯದ್ದು ಕರಗಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮನುಷ್ಯರ ತಕರಾರು ಹಾಗಿರಲಿ. ಗ್ರಂಥದ ಮಾತನ್ನು ಪ್ರಕೃತಿಯೇ ಕೇಳದಿದ್ದಾಗ ಏನು ಮಾಡುವುದು? ಮೆಡಿಟರೇನಿಯನ್ ಮೂಲದ ಆಂಡಲೂಷಿಯನ್ ಎಂಬ ತಳಿಗೆ ಗ್ರಂಥ ವಿಧಿಸಿರುವ ಬಣ್ಣ ಒಂದೇ: ಗರಿಗೆ ಕಪ್ಪಂಚು ಕಟ್ಟಿದ, ಮಳೆಮುಗಿಲಿನಂಥ ನೀಲಿ. ಆದರೆ ಎರಡು ನೀಲಿ ಹಕ್ಕಿಗಳನ್ನು ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗುವುದಿಲ್ಲ. ಸರಾಸರಿ ನಾಲ್ಕು ಮರಿಗಳಲ್ಲಿ ಎರಡು ನೀಲಿ, ಒಂದು ಕಪ್ಪು, ಇನ್ನೊಂದು ಅಲ್ಲಲ್ಲಿ ಮಸಿ ಸಿಡಿದಂಥ ಬಿಳಿ. ಸಾಕಣೆದಾರರು ಇದನ್ನು ರಕ್ತದ ದೋಷವೆಂದು ಭಾವಿಸಿ, ಕಪ್ಪು ಬಿಳಿಗಳನ್ನು ತಲೆಮಾರುಗಟ್ಟಲೆ ಕಿತ್ತುಹಾಕುತ್ತ ಬಂದರು; ಆದರೂ ನೀಲಿ ‘ಶುದ್ಧ’ವಾಗಲಿಲ್ಲ. ಮೆಂಡಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ಕೇಂಬ್ರಿಜ್ಜಿನ ವಿಲಿಯಂ ಬೇಟ್‌ಸನ್ 1902 ರಲ್ಲಿ ಕೋಳಿಗಳ ಮೇಲಿನ ಪ್ರಯೋಗಗಳಿಂದಲೇ ತೋರಿಸಿದ ಮೇಲೆ ಈ ಒಗಟು ಬಿಡಿಸಿತು. ಕಪ್ಪಿನ ಅಂಶವೊಂದು, ಬಿಳಿಯ ಅಂಶವೊಂದು ಕೂಡಿದರೆ ನೀಲಿ. ಆದುದರಿಂದ ನೀಲಿ ಎಂದೆಂದಿಗೂ ಮಿಶ್ರವೇ. ಪ್ರದರ್ಶನಕ್ಕೆ ಅನರ್ಹವಾದ ಕಪ್ಪನ್ನೂ ಅನರ್ಹವಾದ ಮಸಿಬಿಳಿಯನ್ನೂ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಅರ್ಹವಾದ ನೀಲಿಯೇ! ಗ್ರಂಥವು ಕುಲಹೀನವೆಂದು ಹೊರಗಿಟ್ಟ ತಂದೆತಾಯಿಗಳಿಂದಲೇ ಗ್ರಂಥ ಮೆಚ್ಚುವ ಸಂತಾನ ಪೂರ್ಣವಾಗಿ ದೊರೆಯುತ್ತದೆ. ಶುದ್ಧಿಯ ಹೆಮ್ಮೆಗೆ ಇದಕ್ಕಿಂತ ಸೌಮ್ಯವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಟ್ಟೆಯ ಪ್ಲಿಮತ್ ರಾಕ್‌ನಲ್ಲಿಯೂ ಇಂಥದೇ ಒಂದು ತೊಡಕಿದೆ. ಪಟ್ಟೆಯನ್ನು ಮೂಡಿಸುವ ಅಂಶ ಹುಂಜದಲ್ಲಿ ಎರಡು, ಹೇಂಟೆಯಲ್ಲಿ ಒಂದು. ಆದ್ದರಿಂದ ಹುಂಜದ ಬಿಳಿಪಟ್ಟೆ ಅಗಲವಾಗಿ ಅದು ತೆಳುವಾಗಿ ಕಾಣುತ್ತದೆ, ಹೇಂಟೆ ಕಪ್ಪಾಗಿ ಕಾಣುತ್ತದೆ. ಪ್ರದರ್ಶನದಲ್ಲಿಯಾದರೋ ಎರಡೂ ಒಂದೇ ಛಾಯೆಯಲ್ಲಿರಬೇಕೆಂದು ಬಯಸಿದರು. ಪರಿಣಾಮವಾಗಿ, ಒಳ್ಳೆಯ ಹುಂಜಗಳನ್ನು ಪಡೆಯಲು ಒಂದು ವಂಶ, ಒಳ್ಳೆಯ ಹೇಂಟೆಗಳನ್ನು ಪಡೆಯಲು ಇನ್ನೊಂದು ವಂಶ ಎಂದು ಎರಡೆರಡು ಹಿಂಡುಗಳನ್ನು ಸಾಕಬೇಕಾಯಿತು. ಬಹುಮಾನ ಪಡೆದ ಜೋಡಿಯನ್ನು ಕೊಂಡೊಯ್ದ ಸಾಮಾನ್ಯ ರೈತ ಅವುಗಳಿಂದ ಅಂಥವೇ ಮರಿಗಳನ್ನು ಪಡೆಯುವಂತಿರಲಿಲ್ಲ. ಅಲ್ಲದೆ ಆ ಪಟ್ಟೆಗಳು ಗೆರೆ ಎಳೆದಂತೆ ತೀಕ್ಷ್ಣವಾಗಿರಬೇಕಾದರೆ ಗರಿ ನಿಧಾನವಾಗಿ ಬೆಳೆಯಬೇಕು. ಚಿತ್ರದ ಅಂದಕ್ಕಾಗಿ ಮರಿಯ ಮೈ ಬೆತ್ತಲೆಯಾಗಿ ಹೆಚ್ಚು ದಿನ ಚಳಿಯನ್ನು ತಾಳಬೇಕು ಎಂದಂತಾಯಿತು.

ಇಷ್ಟರಿಂದಲೇ ಇದು ಬರಿಯ ವಿನೋದದ ಜಗಳವಲ್ಲವೆಂಬುದು ಹೊಳೆಯಬಹುದು. ಗ್ರಂಥದ ಒಂದು ಸಾಲು ಹಕ್ಕಿಯ ಆಯುಸ್ಸನ್ನು ತೀರ್ಮಾನಿಸಬಲ್ಲುದು. ಕಪ್ಪು ಸ್ಪ್ಯಾನಿಷ್ ಎಂಬ ತಳಿ ಒಂದು ಕಾಲಕ್ಕೆ ಮೊಟ್ಟೆಗೆ ಹೆಸರಾಗಿತ್ತು. ಅದರ ಮುಖದ ಬಿಳುಪಿಗೆ ಮೆಚ್ಚುಗೆ ಹೆಚ್ಚಿದಂತೆ ಸಾಕಣೆದಾರರು ಆ ಬಿಳುಪೊಂದನ್ನೇ ಹಿಗ್ಗಿಸುತ್ತ ಹೋದರು. ಮುಖ ಬೆಳ್ಳಗೆ ಹರಡಿತು. ಹಕ್ಕಿಯ ಕಸುವು ಕುಗ್ಗಿತು. ರೈತರು ಅದನ್ನು ಕೈಬಿಟ್ಟರು. ಮೇಜರ್ ಕ್ರೋಡ್ 1872 ರಲ್ಲಿ ಚೀನಾದಿಂದ ಇಂಗ್ಲೆಂಡಿಗೆ ತರಿಸಿದ ಲಾಂಗ್‌ಷಾನ್ ಕೋಳಿಯ ಕತೆಯೂ ಅಷ್ಟೆ. ಪ್ರದರ್ಶನದ ಅಭಿರುಚಿಗೆ ಸಿಕ್ಕಿ ಅದರ ಕಾಲು ಉದ್ದವಾಯಿತು, ಗರಿ ಬಿಗಿಯಾಯಿತು, ಮೂಲರೂಪ ಮರೆಯಾಗುತ್ತ ಬಂದಿತು. ಕಡೆಗೆ 1904 ರಲ್ಲಿ ಕೆಲವರು ಕ್ರೋಡನ ಹೆಸರಿನಲ್ಲಿಯೇ ಸಂಘ ಕಟ್ಟಿ ಹಳೆಯ ರೂಪವನ್ನು ಉಳಿಸಿಕೊಳ್ಳಬೇಕಾಯಿತು. ಇಲ್ಲಿ ಕೊಂದುದೂ ಲಕ್ಷಣಪ್ರೇಮವೇ, ಕಾದುದೂ ಲಕ್ಷಣಪ್ರೇಮವೇ.

ಹಾಗೆಂದು ದೋಷವನ್ನೆಲ್ಲ ಗ್ರಂಥದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರದರ್ಶನಗಳು ಮಾಡಿದ ಹಾನಿಯನ್ನು ಮೀರಿಸುವ ಹಾನಿ ಪೇಟೆಯಿಂದ ಬಂದಿತು. 1946 ರಿಂದ 1951 ರವರೆಗೆ ಅಮೆರಿಕದಲ್ಲಿ ‘ನಾಳೆಯ ಕೋಳಿ’ ಎಂಬ ಸ್ಪರ್ಧೆಗಳು ನಡೆದವು. ಬೇಗ ಬೆಳೆಯುವ, ಎದೆ ತುಂಬಿದ, ಮೇವಿಗೆ ತಕ್ಕ ಮಾಂಸ ಕೊಡುವ ಹಕ್ಕಿಯನ್ನು ಹುಡುಕುವುದೇ ಅವುಗಳ ಗುರಿ. ಅಲ್ಲಿಂದ ಮುಂದೆ ಮಿಶ್ರತಳಿಯ ಬಿಳಿಕೋಳಿ ಜಗತ್ತನ್ನೇ ಆಕ್ರಮಿಸಿತು. ಅದು ಬಿಳಿಯೇ ಆದುದಕ್ಕೂ ಕಾರಣವಿದೆ: ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಉಳಿಯುವ ಗರಿಯ ಮೊಳಕೆ ಬಿಳಿಯದಾದರೆ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಲಕ್ಷಣಗ್ರಂಥ ಬಣ್ಣಗಳನ್ನು ಎಣಿಸಿತ್ತು. ಪೇಟೆ ಬಣ್ಣವನ್ನೇ ಅಳಿಸಿತು. ಆ ಬಿರುಗಾಳಿಗೆ ಹಳೆಯ ತಳಿಗಳು ತರಗೆಲೆಗಳಂತೆ ಉದುರಿದವು. ಅಮೆರಿಕದ ಅತಿ ಹಳೆಯ ತಳಿಯೆನಿಸಿದ, ಕೋಗಿಲೆಪಟ್ಟೆಯ ಡೊಮಿನೀಕ್ 1970 ರ ವೇಳೆಗೆ ನಾಲ್ಕು ಹಿಂಡುಗಳಿಗೆ ಇಳಿದಿತ್ತು. ಅದನ್ನು ಕಾಪಾಡಿದವರು ಯಾವ ದೊಡ್ಡ ಸಂಸ್ಥೆಯವರೂ ಅಲ್ಲ. ಲಾಭವಿಲ್ಲದಿದ್ದರೂ ಗ್ರಂಥವನ್ನು ಎದುರಿಗಿಟ್ಟುಕೊಂಡು, ತೋಟದ ಮೂಲೆಯಲ್ಲಿ ಹತ್ತಾರು ಹಕ್ಕಿಗಳನ್ನು ಸಾಕುತ್ತಿದ್ದ ಹಠವಾದಿಗಳು.

ಅಳಿವಿನ ಅಂಚಿನಲ್ಲಿರುವ ಸಾಕುಪ್ರಾಣಿಗಳ ರಕ್ಷಣೆಗಾಗಿ ಅಮೆರಿಕದಲ್ಲಿ 1977 ರಲ್ಲಿ ಸಂಸ್ಥೆಯೊಂದು ಹುಟ್ಟಿತು. ಇಂದು ಅದಕ್ಕೆ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂದು ಹೆಸರು. ಅದು 2009 ರಲ್ಲಿ ‘ಪರಂಪರೆಯ ಕೋಳಿ’ ಎಂಬುದಕ್ಕೆ ಲಕ್ಷಣ ಹೇಳಿತು. ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಮುನ್ನ ಗ್ರಂಥದಲ್ಲಿ ಮನ್ನಣೆ ಪಡೆದ ತಳಿಯಾಗಿರಬೇಕು, ಸಹಜವಾಗಿ ಕೂಡಿ ಸಂತಾನ ಪಡೆಯಬೇಕು, ಬಯಲಿನಲ್ಲಿ ದೀರ್ಘಕಾಲ ಬಾಳಬೇಕು, ಬೆಳೆಯುವುದಕ್ಕೆ ಹದಿನಾರು ವಾರವಾದರೂ ಹಿಡಿಯಬೇಕು. ಈ ನಾಲ್ಕು ಮಾತುಗಳಲ್ಲಿ ಕೊನೆಯ ಮೂರು ಹಕ್ಕಿಯ ಬಾಳಿಗೆ ಸಂಬಂಧಿಸಿದವು. ಮೊದಲನೆಯದು ಗ್ರಂಥಕ್ಕೆ ಸಂಬಂಧಿಸಿದುದು. ಜಗಳವೆಲ್ಲ ಈ ಮೊದಲನೆಯದನ್ನು ಕುರಿತೇ. ಹೊಸ ಬಣ್ಣವೊಂದನ್ನು ಹಳೆಯ ತಳಿಗೆ ತರಬೇಕಾದರೆ ಬೇರೆ ತಳಿಯ ರಕ್ತವನ್ನು ಬೆರೆಸಬೇಕಾಗುತ್ತದೆ. ಹಾಗೆ ಬೆರೆಸಿದ ಮೇಲೂ ಅದು ಪರಂಪರೆಯ ಕೋಳಿಯೇ? ಅಲ್ಲವೆನ್ನುವವರ ವಾದ ಹೀಗೆ: ಬಣ್ಣದ ಮೋಹಕ್ಕೆ ಬಿದ್ದವರು ಮೈಕಟ್ಟನ್ನು ಮರೆಯುತ್ತಾರೆ, ಇರುವ ಕೆಲವೇ ಸಾಕಣೆದಾರರು ಹತ್ತು ಬಣ್ಣಗಳಿಗೆ ಹಂಚಿಹೋದರೆ ಒಂದು ಬಣ್ಣವೂ ಗಟ್ಟಿಯಾಗಿ ನಿಲ್ಲದು. ಹೌದೆನ್ನುವವರು ಹೇಳುವುದೂ ಕೇಳುವಂತಿದೆ: ಹಿಂಡು ಚಿಕ್ಕದಾದಷ್ಟೂ ಒಳಸಂಬಂಧ ಹೆಚ್ಚಿ ಮೊಟ್ಟೆಗಳು ಜಳ್ಳಾಗುತ್ತವೆ, ಮರಿಗಳು ಸೊರಗುತ್ತವೆ, ಹೊರಗಿನ ರಕ್ತ ಅಲ್ಲಿ ಮದ್ದು, ನೀವು ಇಂದು ಸನಾತನವೆನ್ನುವ ತಳಿಗಳೆಲ್ಲ ನಿನ್ನೆ ಮಿಶ್ರಣದಿಂದಲೇ ಹುಟ್ಟಿದವಲ್ಲವೆ? ಅಮೆರಿಕದ ಸಂಘ ನಡುದಾರಿಯೊಂದನ್ನು ಇಟ್ಟುಕೊಂಡಿದೆ. ಹೊಸ ಬಗೆಯನ್ನು ಕನಿಷ್ಠ ಐವರು ಐದು ವರ್ಷವಾದರೂ ಸಾಕಿ ಅದರ ಸ್ಥಿರತೆಯನ್ನು ತೋರಿಸಿಕೊಟ್ಟರೆ ಮಾತ್ರ ಗ್ರಂಥದ ಬಾಗಿಲು ತೆರೆಯುತ್ತದೆ.

ಈ ಸಮುದ್ರಾಂತರದ ವ್ಯಾಜ್ಯದಲ್ಲಿ ನಮ್ಮ ದೇಶದ ಪಾಲೂ ಇದೆ. ಅಮೆರಿಕದ ಭಾರಿ ಕೋಳಿ ‘ಬ್ರಹ್ಮ’ ಎಂಬುದು ನಮ್ಮ ಬ್ರಹ್ಮಪುತ್ರಾ ನದಿಯ ಹೆಸರನ್ನು ಮೊಟಕುಮಾಡಿದ್ದು. ಆ ಹಕ್ಕಿ ನಿಜವಾಗಿ ಭಾರತದ್ದೋ ಚೀನಾದ್ದೋ ಎಂದು ಟೆಗೆಟ್‌ಮಯರನೂ ಲೂಯಿ ರೈಟ್ ಎಂಬ ಇನ್ನೊಬ್ಬ ಪಂಡಿತನೂ ವಾದಿಸಿದರು. ನಮ್ಮ ಅಸೀಲ್ ಹುಂಜದ ರಕ್ತ ಇಂಗ್ಲೆಂಡಿನ ಕಾರ್ನಿಷ್ ತಳಿಯ ಮೂಲಕ ಇಂದಿನ ಪೇಟೆಯ ಬ್ರಾಯ್ಲರ್ ಕೋಳಿಯ ಎದೆಯವರೆಗೂ ಹರಿದಿದೆ. ಆ ಅಸೀಲಿಗಾದರೋ ನಮ್ಮವರು ಬಣ್ಣವನ್ನು ಹಿಡಿದೇ ಹೆಸರಿಟ್ಟರು: ಹೊಂಗೆಂಪಿನದು ಪೀಲಾ, ಬಿಳಿಯದು ನೂರಿ, ಕಪ್ಪನೆಯದು ಕಾಗರ್. ತುಳುನಾಡಿನ ಕೋಳಿ ಅಂಕದವರ ‘ಕುಕ್ಕುಟ ಪಂಚಾಂಗ’ವಂತೂ ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯವೆಂದು ಹೇಳುತ್ತದೆ. ಬಣ್ಣಕ್ಕೆ ಅರ್ಥ ಹಚ್ಚುವ ಚಪಲ ಪಶ್ಚಿಮದವರಿಗೆ ಮಾತ್ರ ಮೀಸಲಾದುದಲ್ಲ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಯ ಕರಿಮಾಂಸಕ್ಕೆ 2018 ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಛತ್ತೀಸಗಢದ ದಂತೇವಾಡವೂ ತನ್ನ ಹಕ್ಕನ್ನು ಮುಂದಿಟ್ಟಿತ್ತು. ಬಣ್ಣ ಬೆಲೆಯಾದೊಡನೆ ಒಡೆತನದ ಪ್ರಶ್ನೆ ಬಾಗಿಲಿಗೆ ಬರುತ್ತದೆ.

ಕೋಲಾರದ ಕಡೆಯಲ್ಲಿಯೂ ನೆರೆಯ ಆಂಧ್ರದಲ್ಲಿಯೂ ಸಾಕುವ ಘಾಗಸ್ ಎಂಬ ತಳಿ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಸೇರಿದೆ. ಆ ಸೀಮೆಯ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಒಮ್ಮೆ ಹೋಗಿದ್ದಾಗ ಅವನ ಅಜ್ಜಿಯನ್ನು, ಇದು ಯಾವ ತಳಿಯಮ್ಮ ಎಂದು ಕೇಳಿದೆ. “ತಳಿ ಗಿಳಿ ಏನಿಲ್ಲ ಮೇಷ್ಟ್ರೇ, ನಮ್ಮ ನಾಟಿ ಕೋಳಿ” ಎಂದಳು. ಬಣ್ಣ ನೋಡಿ ಆರಿಸುವುದುಂಟೆ ಎಂದದ್ದಕ್ಕೆ ಆಕೆ ಅಂಗಳದ ಮೇಲಿನ ಆಕಾಶವನ್ನು ಒಮ್ಮೆ ನೋಡಿ ಹೇಳಿದಳು: “ಬಿಳೀದಾದ್ರೆ ಹದ್ದಿನ ಕಣ್ಣಿಗೆ ಬೇಗ ಬೀಳುತ್ತೆ. ಮಣ್ಣಿನ ಬಣ್ಣದ್ದು ಉಳ್ಕೊಳ್ಳುತ್ತೆ. ಕಾವಿಗೆ ಕೂತ್ರೆ ಏಳಬಾರದು, ಮರಿ ಬಿಟ್ಟು ಓಡಬಾರದು. ಇನ್ನೇನು ನೋಡೋದು?” ಇದೂ ಒಂದು ಲಕ್ಷಣಗ್ರಂಥವೇ, ಅಚ್ಚಾಗಿಲ್ಲ ಅಷ್ಟೆ. ಇದರಲ್ಲಿ ತೀರ್ಪುಗಾರ ಹದ್ದು; ಬಹುಮಾನ ಜೀವ.

ಕನ್ನಡದ ಆದಿಯ ಲಕ್ಷಣಗ್ರಂಥವಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ, ನಾಡಿನಲ್ಲಿ ಹಲವು ಕನ್ನಡಗಳಿವೆ, ಅವುಗಳ ಭೇದಗಳನ್ನೆಲ್ಲ ಎಣಿಸಲು ವಾಸುಕಿಗೂ ಆಗದು ಎಂಬರ್ಥದ ಮಾತನ್ನು ಹೇಳಿತು. ಆದರೂ ಮಾರ್ಗವೊಂದನ್ನು ಹಾಕುವ ಕೆಲಸವನ್ನು ಅದು ಬಿಡಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಕಾಲಕ್ಕೆ ಬದಲಾಗುತ್ತಿದ್ದ ಭಾಷೆಯನ್ನು ಕಂಡೂ ಹಳೆಯ ರೂಪಗಳನ್ನು ಸೂತ್ರಗಳಲ್ಲಿ ಕಟ್ಟಿಟ್ಟ. ಅವನ ಕಟ್ಟು ಬಿಗಿಯಾಯಿತೆಂದು ನಾವು ದೂರಬಹುದು. ಆದರೆ ಅವನು ಕಟ್ಟದೆ ಹೋಗಿದ್ದರೆ ಪಂಪನನ್ನು ಓದುವ ದಾರಿ ನಮಗೆ ಇಷ್ಟು ಸುಗಮವಾಗಿರುತ್ತಿರಲಿಲ್ಲ. ಅದೇ ಹೊತ್ತಿಗೆ, ಆಡುನುಡಿ ಅವನ ಅಪ್ಪಣೆಗಾಗಿ ಕಾಯುತ್ತ ಕುಳಿತಿದ್ದರೆ ನಾವು ಇಂದು ಮಾತನಾಡುತ್ತಿರುವ ಕನ್ನಡವೇ ಹುಟ್ಟುತ್ತಿರಲಿಲ್ಲ.

ಕೋಳಿಯ ಗ್ರಂಥಕ್ಕೂ ನಾನು ಇದೇ ನ್ಯಾಯವನ್ನು ಸಲ್ಲಿಸಬಯಸುತ್ತೇನೆ. ಕರ್ನಾಲಿನ ಪಟ್ಟಿ ಮುಖ್ಯವಾಗಿ ‘ಇದು ಹೀಗಿದೆ’ ಎಂದು ಹೇಳುತ್ತದೆ. ಬಫೆಲೋದ ಪಟ್ಟಿ ‘ಇದು ಹೀಗಿರಬೇಕು’ ಎಂದು ಹೇಳುತ್ತದೆ. ಮೊದಲನೆಯದು ನಮ್ಮ ನಾಡಕೋಳಿಗಳ ಬಗೆಬಗೆಯನ್ನು ಒಪ್ಪಿಕೊಳ್ಳುತ್ತದೆ. ಆದರೆ ಬರಿಯ ಪಟ್ಟಿಯಿಂದ ತಳಿ ಉಳಿಯದು. ನಾಲ್ಕು ಹಿಂಡುಗಳನ್ನು ಹಠ ಹಿಡಿದು ಕಾಯುವವರೂ ಬೇಕು. ಎರಡನೆಯದು ಅಂಥ ಹಠವನ್ನು ಕಲಿಸುತ್ತದೆ, ಆದರೆ ಕಣ್ಣನ್ನು ಗರಿಯ ಮೇಲೆಯೇ ನೆಟ್ಟು ಮರಿಯ ಚಳಿಯನ್ನು ಮರೆಸುತ್ತದೆ. ಬಣ್ಣ ವ್ಯರ್ಥವಲ್ಲ, ಅದು ತಳಿಯ ನೆನಪು, ಸಾಕುವವನ ಪ್ರೀತಿಗೆ ಹಿಡಿಗೊಂಬು. ಆದರೆ ಒಂದು ಬಣ್ಣಕ್ಕಾಗಿ ಕಾವು, ಕಸುವು, ಆಯುಸ್ಸುಗಳನ್ನು ತೆರಬೇಕಾಗಿ ಬಂದಾಗ ತಿದ್ದಬೇಕಾದದ್ದು ಗ್ರಂಥವನ್ನು, ಹಕ್ಕಿಯನ್ನಲ್ಲ. ಗ್ರಂಥ ಮರುಮುದ್ರಣಗೊಳ್ಳುತ್ತದೆ, ಒಮ್ಮೆ ಅಳಿದ ತಳಿಗೆ ಮರುಮುದ್ರಣವಿಲ್ಲ.